ಎಡಗಿವಿಗೆಂದು ಕೊಂಡ ಪ್ಲೇಯರ್

ಪ್ಲೇಯರ್‌ನ ವಾಲ್ಯೂಮ್ ಮೂವತ್ತೆರಡಕ್ಕೆ ನಿಲ್ಲುತ್ತಿತ್ತು. ಆಮೇಲೂ ಗುಂಡಿ ಒತ್ತಿದರೆ ಅಂಕಿ ಒಮ್ಮೆ ಮಿನುಗಿ ಮತ್ತೆ ಮೂವತ್ತೆರಡನ್ನೇ ತೋರಿಸುತ್ತಿತ್ತು. ನಾನು ಒತ್ತುತ್ತಲೇ ಇರುತ್ತಿದ್ದೆ.

ಫೆಬ್ರವರಿಯ ಒಂದು ಬೆಳಿಗ್ಗೆ ಎದ್ದಾಗ ನನ್ನ ಎಡಗಿವಿ ಕೇಳುತ್ತಿರಲಿಲ್ಲ. ನೋವಿಲ್ಲ, ಸೋರುವುದಿಲ್ಲ. ಫೋನನ್ನು ಆ ಕಿವಿಗೆ ಇಟ್ಟಾಗ ಕರೆ ಕಟ್ಟಾಗಿದೆ ಎಂದುಕೊಂಡೆ. ಬಲಗಿವಿಗೆ ಬದಲಿಸಿದರೆ ಆ ಕಡೆಯವರು ಇನ್ನೂ ಮಾತಾಡುತ್ತಿದ್ದರು. ಕಿವಿಯೊಳಗೆ ಮಾತ್ರ ಒಂದು ಸದ್ದು ಸೇರಿಕೊಂಡಿತ್ತು, ಕುಕ್ಕರ್ ಸೀಟಿ ಹೊಡೆಯುವುದಕ್ಕೆ ಮುಂಚೆ ಸುಯ್ಯೆನ್ನುತ್ತದಲ್ಲ, ಹಾಗೆ. ಅದು ಸೀಟಿಯನ್ನೂ ಹೊಡೆಯುತ್ತಿರಲಿಲ್ಲ, ಆರುತ್ತಲೂ ಇರಲಿಲ್ಲ.

ಊರು, ದೇಶ ಬಿಟ್ಟು ಬಂದು ನಾನು ಇರುವುದು ವೆಸ್ಟ್‌ಮೀಡ್‌ನಲ್ಲಿ, ಕೆಲಸ ಮಾಡುವುದು ಅಲ್ಲಿನ ಒಂದು ಸಂಶೋಧನಾ ಲ್ಯಾಬ್‌ನಲ್ಲಿ. ಸುತ್ತಲೂ ಡಾಕ್ಟರುಗಳೇ, ಹಾಗಾಗಿ ಕಿವಿಯ ತಜ್ಞರನ್ನು ನೋಡುವುದು ತಡವಾಗಲಿಲ್ಲ. ಅವರು ಸ್ಟೆರಾಯ್ಡ್ ಮಾತ್ರೆ ಕೊಟ್ಟರು. ಮಾತ್ರೆ ನಾಟದಿದ್ದಾಗ ಕಿವಿಯ ಪೊರೆಯ ಮೂಲಕ ಇಂಜೆಕ್ಷನ್ ಕೊಟ್ಟರು. ಕೆಟ್ಟಿರುವುದು ಒಳಗಿವಿ, ಏಕೆ ಎಂದು ಹೇಳಲು ಬರುವುದಿಲ್ಲ, ಮರಳಿ ಬರುವುದಿದ್ದರೆ ಮೊದಲ ಎರಡು ಮೂರು ತಿಂಗಳಲ್ಲೇ ಬರಬೇಕು ಎಂದರು. ಕೊನೆಗೆ, ನಾನು ಕುರ್ಚಿಯಿಂದ ಏಳದೆ ಕೂತೇ ಇದ್ದುದನ್ನು ನೋಡಿಯೋ ಏನೋ, ಇನ್ನೊಂದು ಮಾತು ಸೇರಿಸಿದರು. ಕೆಲವು ಕಡೆ ಚೆನ್ನಾಗಿರುವ ಕಿವಿಯನ್ನು ಪ್ಲಗ್ ಹಾಕಿ ಮುಚ್ಚಿ, ಕೆಟ್ಟ ಕಿವಿಗೆ ದಿನಕ್ಕೆ ಹಲವು ಗಂಟೆ ಸಂಗೀತ ಕೇಳಿಸುತ್ತಾರಂತೆ, ಆ ಕಿವಿ ಕೆಲಸ ಮರೆಯದಿರಲಿ ಎಂದು. "ಗುಣವಾಗುತ್ತದೆ ಎಂದು ನಾನು ಹೇಳಲಾರೆ. ವಾಲ್ಯೂಮ್ ಮಾತ್ರ ಹಿತವಾಗಿರಲಿ," ಎಂದರು.

ನನ್ನ ಫೋನಿಗೆ ವೈರ್ ಚುಚ್ಚುವ ತೂತಿಲ್ಲ. ವೈರ್ ಇಲ್ಲದ ಇಯರ್‌ಫೋನ್ ಅಷ್ಟು ಹೊತ್ತು ಚಾರ್ಜ್ ಹಿಡಿಯುವುದಿಲ್ಲ. ಅದೂ ಅಲ್ಲದೆ ಹಾಡಿನ ನಡುವೆ ಅಮ್ಮನ ಕರೆ ಬಂದು ಸತ್ತ ಕಿವಿಯಲ್ಲಿ ಅವಳ ಧ್ವನಿ ಕೇಳದೆ ಹೋಗುವುದು ನನಗೆ ಬೇಡವಾಗಿತ್ತು. ಅಮ್ಮನಿಗೆ ನಾನು ಏನೂ ಹೇಳಿರಲಿಲ್ಲ. ಸಂಗೀತವೊಂದನ್ನು ಬಿಟ್ಟು ಬೇರೇನೂ ಬಾರದ ಯಂತ್ರ ಬೇಕಿತ್ತು. ಪ್ಯಾರಮ್ಯಾಟಾದ ಅಂಗಡಿಯೊಂದರಲ್ಲಿ, ಕೆಳಗಿನ ಸಾಲಿನಲ್ಲಿ, ಅಡುಗೆಮನೆ ಗಡಿಯಾರಗಳ ಪಕ್ಕ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲೇಯರ್‌ಗಳಿದ್ದವು. ಅಗ್ಗದ್ದೇ ಆರಿಸಿದೆ. ಕೌಂಟರಿನ ಹುಡುಗಿ ಅದನ್ನು ತಿರುಗಿಸಿ ನೋಡಿ, "ಇವು ಇನ್ನೂ ಬರುತ್ತವೆ ಅಂತಲೇ ಗೊತ್ತಿರಲಿಲ್ಲ. ಅಜ್ಜಿಗಾ?" ಎಂದಳು.

"ಹೌದು, ಅಜ್ಜಿಗೆ," ಎಂದೆ.

ಪ್ಲಗ್‌ಗಳು ಆಸ್ಪತ್ರೆಯ ಫಾರ್ಮಸಿಯಲ್ಲಿ ಸಿಕ್ಕವು. ಹಳದಿ ಸ್ಪಂಜಿನವು. ಬೆರಳಿನಲ್ಲಿ ಹೊಸೆದು ಕಿವಿಗೆ ತುರುಕಿದರೆ ಒಳಗೆ ನಿಧಾನವಾಗಿ ಉಬ್ಬಿ ಜಗತ್ತನ್ನು ಹೊರಗಿಡುತ್ತವೆ. ಒಮ್ಮೆ ಬಳಸಿ ಎಸೆಯಿರಿ ಎಂದು ಡಬ್ಬಿಯ ಮೇಲೆ ಬರೆದಿತ್ತು. ನಮ್ಮ ಮನೆಗಳಲ್ಲಿ ಆ ಮಾತನ್ನು ಯಾರು ಕೇಳಿದ್ದಾರೆ? ಹಾಲಿನ ಪ್ಯಾಕೆಟ್ ತೊಳೆದು ಒಣಹಾಕುವವರು, ಐಸ್‌ಕ್ರೀಮ್ ಡಬ್ಬಿಯಲ್ಲಿ ದೋಸೆ ಹಿಟ್ಟು ಇಡುವವರು ನಾವು. ಪ್ಲಗ್‌ಗಳನ್ನು ಪಾತ್ರೆ ಸೋಪಿನಲ್ಲಿ ತೊಳೆದು, ಕಿಟಕಿಯಲ್ಲಿದ್ದ ಕರಿಬೇವಿನ ಕುಂಡದ ಪಕ್ಕ ಒಣಗಿಸಿ ಮತ್ತೆ ಹಾಕಿಕೊಳ್ಳುತ್ತಿದ್ದೆ. ಡಬ್ಬಿಯಲ್ಲಿ ಇನ್ನೂ ಬೇಕಾದಷ್ಟಿದ್ದವು.

ಕೆಲಸ ಮುಗಿಸಿ ಬಂದ ಕೂಡಲೇ ಬಲಗಿವಿ ಮುಚ್ಚಿ, ಎಡಕ್ಕೆ ಇಯರ್‌ಫೋನ್ ಸಿಕ್ಕಿಸಿ ಕೂರುತ್ತಿದ್ದೆ. ಶನಿವಾರ, ಭಾನುವಾರ ಬೆಳಿಗ್ಗೆಯಿಂದಲೇ. ಮೊದಲು ಪಿಟೀಲು ಹಾಕಿದೆ, ಆಮೇಲೆ ಕೊಳಲು. ಆಮೇಲೆ, ಏನಾದರೂ ತೂರೀತು ಎಂಬ ಆಸೆಗೆ, ಯಕ್ಷಗಾನದ ಚೆಂಡೆ. ಏನೂ ಇಲ್ಲ. ಹಿತವಾಗಿರಲಿ ಎಂದಿದ್ದರು. ಕೇಳಿಸದ್ದರಲ್ಲಿ ಹಿತ ಯಾವುದು ಎಂದು ತಿಳಿಯದೆ ಮೂವತ್ತೆರಡಕ್ಕೆ ಒಯ್ದು ನಿಲ್ಲಿಸಿದೆ. ಪ್ಲೇಯರ್ ಕೈಯಲ್ಲಿ ಬಿಸಿಯಾಗುತ್ತಿತ್ತು. ಪರದೆಯ ಮೇಲೆ ಹಾಡು ಸರಿಯುವುದನ್ನು ನೋಡುತ್ತಾ, ಈಗ ಪದ ನಿಂತು ಚೆಂಡೆಯ ಬಿಡ್ತಿಗೆ ಶುರುವಾಗಿರಬೇಕು, ಈಗ ಭಾಗವತರು ಏರು ಶ್ರುತಿಗೆ ಹೋಗಿರಬೇಕು ಎಂದು ನೆನಪಿನಿಂದ ಲೆಕ್ಕ ಹಾಕುತ್ತಿದ್ದೆ. ಕಣ್ಣಿಗೆ ನೀರು ಬಂದರೆ ಬರಲಿ ಎಂದು ಬಿಡುತ್ತಿದ್ದೆ. ಒರೆಸಿಕೊಂಡರೆ ವೈರ್ ಸರಿದುಹೋಗುತ್ತಿತ್ತು.

ಇದು ಗೊತ್ತಿದ್ದದ್ದು ನನ್ನ ಫ್ಲಾಟ್‌ಮೇಟ್ ಒಬ್ಬಳಿಗೇ. ಹುಬ್ಬಳ್ಳಿಯವಳು, ಇಲ್ಲಿಗೆ ಓದಲು ಬಂದು, ಕಾಯಂ ಆಗಿ ನೆಲೆಸಲು ಪಿಆರ್ ಸಿಕ್ಕಿ, ಈಗ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾಳೆ. ಪ್ಲಗ್ ಹಾಕಿಕೊಂಡಾಗ ಕರೆದರೆ ಕೇಳುವುದಿಲ್ಲವೆಂದು ಸಾಕ್ಸ್ ಉಂಡೆ ಮಾಡಿ ನನ್ನ ಮೇಲೆ ಎಸೆಯುತ್ತಿದ್ದಳು. ನಾನು ತಿರುಗಿ ಪ್ಲಗ್ ತೆಗೆದರೆ, "ಏ ಕಿವುಡಿ, ಚಹಾ ಆರಾಕತ್ತೈತಿ ನೋಡು!" ಎನ್ನುತ್ತಿದ್ದಳು. ಬೇರೆ ಯಾರು ಅಂದಿದ್ದರೂ ನನಗೆ ಸಹಿಸಲು ಆಗುತ್ತಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಚೆಂಡೆ ಕೇಳಿಸಿತು. ಹೆಚ್ಚೇನಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಪೇಪರಿನ ಮೇಲೆ ಅಕ್ಕಿ ಸುರಿದಷ್ಟು. ನಿಲ್ಲಿಸಿದೆ, ನಿಂತಿತು. ಹಾಕಿದೆ, ಬಂತು. ನನ್ನ ಭ್ರಮೆಯೇನೋ ಎಂದು ಕಣ್ಣು ಮುಚ್ಚಿ, ಫ್ಲಾಟ್‌ಮೇಟ್ ಕೈಗೆ ಪ್ಲೇಯರ್ ಕೊಟ್ಟು, ನಿನಗೆ ತೋಚಿದಾಗ ನಿಲ್ಲಿಸು ಎಂದೆ. ಅವಳು ನಿಲ್ಲಿಸಿದಾಗಲೆಲ್ಲ ಕೈ ಎತ್ತಿದೆ. ಒಮ್ಮೆಯೂ ತಪ್ಪಲಿಲ್ಲ. ಅವಳು ನನ್ನ ಭುಜ ಹಿಡಿದು ಅಲ್ಲಾಡಿಸಿ ಏನೋ ಕೂಗಿದಳು. ಪ್ಲಗ್ ತೆಗೆದ ಮೇಲೆ ಗೊತ್ತಾಯಿತು: "ಬಂತಲ್ಲವಾ! ಬಂತಲ್ಲ!"

ಮುಂದಿನ ವಾರ ಈಸ್ಟರ್ ರಜೆ. ಮೆಲ್ಬರ್ನ್‌ಗೆ ಹೋದೆ. ಪಾಯಿಂಟ್ ಕುಕ್‌ನಲ್ಲಿ ಅಮ್ಮನ ಚಿಕ್ಕಪ್ಪನ ಮಗಳ ಮನೆ ಇದೆ. ಸಂಬಂಧದಲ್ಲಿ ಚಿಕ್ಕಮ್ಮನಾದರೂ ಇಲ್ಲಿನ ರೂಢಿಯಂತೆ ನನಗೂ ಆಂಟಿ. ಅವರ ಮನೆಯಲ್ಲಿ ಮಾತು ತುಳುವಿನಲ್ಲಿ ಶುರುವಾಗಿ ಕನ್ನಡಕ್ಕೆ ಹೊರಳಿ ಮಗಳ ಬಾಯಿಗೆ ಬರುವ ಹೊತ್ತಿಗೆ ಇಂಗ್ಲಿಷ್ ಆಗಿರುತ್ತದೆ. ಸಿಂಕಿನ ಎದುರು ಹಿಂದಿನ ರಾತ್ರಿಯ ಟೇಕ್‌ಅವೇ ಡಬ್ಬಿಗಳನ್ನು ತೊಳೆಯುತ್ತಿದ್ದ ಆಂಟಿ ನನ್ನ ಕಿವಿಯ ವೈರ್ ನೋಡಿದರು.

"ಎಂಥ ಮಾರಾಯ್ತಿ ಅದು? ನಾನು ಇಷ್ಟು ಹೊತ್ತು ಗೋಡೆಗೆ ಮಾತಾಡಿದ್ದಾ?"

ಆ ದಿನ ನನಗೆ ಮುಚ್ಚಿಡಲು ಆಗಲಿಲ್ಲ. ಸಂತೋಷವಿದ್ದಾಗ ಗುಟ್ಟು ಕಾಯುವ ಅಭ್ಯಾಸ ನನಗಿರಲಿಲ್ಲ ಎಂದು ಕಾಣುತ್ತದೆ. ಎಲ್ಲ ಹೇಳಿದೆ. ಆಂಟಿ ಒದ್ದೆ ಕೈಯಲ್ಲೇ ನನ್ನ ಎಡಗಿವಿಯನ್ನು ಮುಟ್ಟಿ, "ಈಗ ಕೇಣುಂಡಾ?" ಎಂದು ತುಳುವಿನಲ್ಲಿ ಕೇಳಿದರು.

"ಕೇಳ್ತದೆ ಆಂಟಿ. ಸ್ವಲ್ಪ."

"ಅಮ್ಮಾ, ಸ್ಟಾಪ್ ಪೋಕಿಂಗ್ ಹರ್," ಎಂದಳು ಸೋಫಾದಿಂದ ಅವರ ಮಗಳು.

ಸಂಜೆಗೆ ಅಮ್ಮನ ಕರೆ ಬಂತು. ಆಂಟಿ ಫೋನ್ ಮಾಡಿದ್ದರಂತೆ.

"ನಿನ್ನ ಕಿವಿ ಹೋದದ್ದೂ ಬಂದದ್ದೂ ನನಗೆ ಒಂದೇ ಉಸಿರಿನಲ್ಲಿ ಗೊತ್ತಾಯ್ತು," ಎಂದಳು ಅಮ್ಮ. "ಮದುವೆಯ ಸುದ್ದಿಯನ್ನೂ ಹೀಗೇ ಹೇಳ್ತೀಯಾ, ಮಗುವಿನ ನಾಮಕರಣಕ್ಕೆ ಕರೆಯುವಾಗ?" ನಾನು ನಕ್ಕೆ. ಅವಳು ನಗುತ್ತಿರಲಿಲ್ಲ, ಅಳುತ್ತಿದ್ದಳು. "ದೇವಸ್ಥಾನದಲ್ಲಿ ಹೂವಿನ ಪೂಜೆಗೆ ಹೇಳಿ ಬಂದೆ. ಬಂತಲ್ಲ, ಸಾಕು ನನಗೆ."

ರಜೆ ಮುಗಿದ ವಾರವೇ ಕಿವಿಯ ಪರೀಕ್ಷೆಯಿತ್ತು. ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಬಲಗಿವಿಗೆ ಜಲಪಾತದಂಥ ಸದ್ದು ಬಿಟ್ಟು ಅದನ್ನು ಅಲ್ಲೇ ಕಟ್ಟಿಹಾಕಿ, ಎಡಗಿವಿಗೆ ಒಂದೊಂದೇ ಸ್ವರ ಕಳಿಸುತ್ತಾರೆ. ಕೇಳಿದರೆ ಗುಂಡಿ ಒತ್ತಬೇಕು. ನಾನು ಕಾದೆ. ಜಲಪಾತ ಸುರಿಯುತ್ತಲೇ ಇತ್ತು. ಗಾಜಿನಾಚೆ ಪರೀಕ್ಷೆ ಮಾಡುವಾಕೆಯ ಕೈ ಆಡುವುದು ಕಾಣುತ್ತಿತ್ತು, ಅಂದರೆ ಸ್ವರಗಳು ಬರುತ್ತಿದ್ದವು. ನನ್ನ ಹೆಬ್ಬೆರಳು ಗುಂಡಿಯ ಮೇಲೆ ಹಾಗೇ ಇತ್ತು.

ಹೊರಗೆ ಬಂದು, ಮನೆಯಲ್ಲಿ ನನಗೆ ಕೇಳುತ್ತದೆ ಎಂದೆ. ಧ್ವನಿ ಏರಿತ್ತು. ನಾನು ಹಾಗೆ ಮಾತಾಡುವವಳಲ್ಲ. ಆಕೆ ಶಾಂತವಾಗಿ, ಹೇಗೆ ಕೇಳುತ್ತೀರಿ, ತೋರಿಸಿ ಎಂದರು. ಪ್ಲೇಯರ್ ತೆಗೆದೆ, ಪ್ಲಗ್ ತೆಗೆದೆ. ಪ್ಲಗ್ಗನ್ನು ಎರಡು ಬೆರಳಿನಲ್ಲಿ ಹೊಸೆದು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಅದು ಉಬ್ಬಲಿಲ್ಲ. ಹೊಸೆದ ಹಾಗೇ ಬತ್ತಿಯಂತೆ ಬಿದ್ದುಕೊಂಡಿತು.

"ಇದನ್ನು ತೊಳೆದಿದ್ದೀರಾ?"

ತಲೆಯಾಡಿಸಿದೆ. ಆಕೆ ಡ್ರಾಯರಿನಿಂದ ಹೊಸದೊಂದು ತೆಗೆದು ನನ್ನ ಬಲಗಿವಿಗೆ ತಾವೇ ಹಾಕಿ, ಅದು ಪೂರ್ತಿ ಉಬ್ಬುವವರೆಗೆ ಬೆರಳಿನಿಂದ ಒತ್ತಿ ಹಿಡಿದರು. ನಾನು ಪ್ಲೇಯರ್ ಹಾಕಿದೆ. ಮೂವತ್ತೆರಡು. ಚೆಂಡೆ ಇರಲಿಲ್ಲ. ಹಳೆಯ ಪ್ಲಗ್ ಹಾಕಿದರು. ಪೇಪರಿನ ಮೇಲೆ ಅಕ್ಕಿ ಸುರಿಯಿತು.

"ಅಷ್ಟು ಜೋರಾಗಿಟ್ಟರೆ ಸದ್ದು ಆ ಕಡೆಗೂ ದಾಟುತ್ತದೆ. ತೊಳೆದ ಪ್ಲಗ್ ಅದನ್ನು ತಡೆಯುವುದಿಲ್ಲ. ನೀವು ಕೇಳುತ್ತಿದ್ದದ್ದು ಬಲಗಿವಿಯಿಂದಲೇ," ಎಂದರು. ಡಾಕ್ಟರ್ ಆಮೇಲೆ ಹೇಳಿದ್ದೂ ಅದನ್ನೇ, ಇನ್ನಷ್ಟು ಮೃದುವಾಗಿ. ಇನ್ನು ಮರಳಿ ಬರುತ್ತದೆ ಎಂದು ಕಾಯುವುದು ಬೇಡ ಎಂದರು.

ಮನೆಗೆ ಬಂದು ಫಾರ್ಮಸಿಯ ಡಬ್ಬಿ ತೆರೆದೆ. ಎಂದೂ ಬಳಸದ ಪ್ಲಗ್‌ಗಳನ್ನು ಒಂದಾದ ಮೇಲೆ ಒಂದು ಹಾಕಿ ನೋಡಿದೆ, ಒಂದರಲ್ಲಾದರೂ ಕೇಳೀತೇನೋ ಎಂದು. ನನ್ನ ವಿದ್ಯೆಗೆ ಗೊತ್ತಿತ್ತು, ನನ್ನ ಕೈಗೆ ಗೊತ್ತಿರಲಿಲ್ಲ. ಗುಂಡಿ ಒತ್ತುತ್ತಲೇ ಇದ್ದೆ. ಫ್ಲಾಟ್‌ಮೇಟ್ ಬಂದಳು. ಸಾಕ್ಸ್ ಎಸೆಯಲಿಲ್ಲ. ಎದುರಿಗೆ ಬಂದು ಕೂತು ನನ್ನ ಕೈಯಿಂದ ಪ್ಲೇಯರ್ ಬಿಡಿಸಿಕೊಂಡು, ನನ್ನ ಬಲಗಿವಿಯ ಪ್ಲಗ್ ತಾನೇ ತೆಗೆದಳು.

"ಸಾಕು ಬಿಡವಾ. ಆ ಕಿವಿಗೂ ಸಾಕಾಗೈತಿ."

"ಅಮ್ಮ ಪೂಜೆಗೆ ಹೇಳಿದ್ದಾಳೆ," ಎಂದೆ. ಅದೊಂದನ್ನೇ ಮತ್ತೆ ಮತ್ತೆ ಹೇಳಿದೆನಂತೆ.

ಮರುದಿನ ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಮುಂಚೆ, ಆಂಟಿಗೆ ಫೋನ್ ಮಾಡಿದೆ. ಅವರು ಮಗಳ ಡಬ್ಬಿ ಕಟ್ಟುತ್ತಿದ್ದರು.

"ಆಂಟಿ, ಕಿವಿ ಬಂದಿಲ್ಲ. ಇನ್ನು ಬರುವುದೂ ಇಲ್ಲವಂತೆ."

ಪಾತ್ರೆಯ ಸದ್ದು ನಿಂತಿತು. "ಇನ್ನೊಂದು ಕಡೆ ತೋರಿಸುವ. ಗ್ಲೆನ್ ವೇವರ್ಲಿಯಲ್ಲಿ ನಮ್ಮವರೇ ಒಬ್ಬರು ಡಾಕ್ಟರ್ ಇದ್ದಾರೆ..."

"ಬೇಡ ಆಂಟಿ. ಅಮ್ಮನಿಗೆ ನಾನೇ ಹೇಳ್ತೇನೆ. ಈ ಸಲ ನೀವು ಹೇಳಬೇಡಿ."

"ಹೇಳುವುದಿಲ್ಲ," ಎಂದರು. "ಅಕ್ಕ ಪೂಜೆಗೆ ಇವತ್ತು ಹೊರಡ್ತಾಳೆ, ಗೊತ್ತುಂಟಲ್ಲ?"

ಗೊತ್ತಿತ್ತು. ಊರಿನಲ್ಲಿ ಬೆಳಗಾಗಲು ಇನ್ನೂ ಕೆಲವು ಗಂಟೆಗಳಿದ್ದವು. ಲ್ಯಾಬ್‌ಗೆ ತಡವಾಗಿ ಬರುತ್ತೇನೆಂದು ಮೆಸೇಜ್ ಕಳಿಸಿ, ಅಡುಗೆಮನೆಯ ಮೇಜಿನ ಎದುರು ಕೂತು, ಅಮ್ಮ ಏಳುವುದನ್ನೇ ಕಾದೆ.