ನಾಲ್ಕು ಚಮಚ ಸಕ್ಕರೆಯ ಸೀಸೆ

ಮಾಗಿಯ ಚಳಿ ಬಸವನಗುಡಿಗೆ ಕಾಲಿಟ್ಟಿತೆಂಬುದು ನನಗೆ ತಿಳಿಯುವುದು ನನ್ನ ಉಣ್ಣೆಯ ಮಫ್ಲರ್ ಕಾಣೆಯಾದಾಗ. ಹುಡುಕುವ ಶ್ರಮವೇನೂ ಇಲ್ಲ. ಅದು ಯುಪಿಎಸ್ ಬ್ಯಾಟರಿಯ ಮೇಲೆ ಬೆಚ್ಚಗೆ ಕುಳಿತಿರುವ ದೋಸೆ ಹಿಟ್ಟಿನ ಪಾತ್ರೆಗೆ ಮೂರು ಸುತ್ತು ಸುತ್ತಿಕೊಂಡಿರುತ್ತದೆ. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಹೇಳಿದ ಗಂಡನ ಕೊರಳಿಗಿಂತ ರುಬ್ಬಿದ ಉದ್ದಿಗೆ ಶಾಖದ ಅಗತ್ಯ ಹೆಚ್ಚೆಂಬುದು ನನ್ನ ಹೆಂಡತಿ ಲಲಿತಳ ತೀರ್ಮಾನ. ಶಾಸ್ತ್ರದ ದೃಷ್ಟಿಯಿಂದ ಅದನ್ನು ಅಲ್ಲಗಳೆಯುವ ಹಾಗೂ ಇಲ್ಲ. ಬೆಳಗ್ಗೆ ಸ್ನಾನಕ್ಕೆ ಹೊರಟವಳು, "ಹಿಟ್ಟು ಉಬ್ಬಿದ್ಯಾ ನೋಡ್ರೀ" ಎನ್ನುತ್ತಾಳೆ. ಮೂರು ಸುತ್ತು ಬಿಚ್ಚಿ, ಮುಚ್ಚಳ ತೆಗೆದು, ಮತ್ತೆ ಮೂರು ಸುತ್ತು ಸುತ್ತುವ ಪುರುಷಪ್ರಯತ್ನಕ್ಕೆ ಇಳಿಯದೆ ನಾನು ಪತ್ರಿಕೆಯ ಮರೆಯಿಂದಲೇ "ಹ್ಞೂಂ, ಉಬ್ಬಿದೆ" ಎನ್ನುತ್ತೇನೆ. ಇಡೀ ರಾತ್ರಿ ಬೆಚ್ಚಗಿದ್ದ ಹಿಟ್ಟು ಇನ್ನೇನು ಮಾಡೀತು ಹೇಳಿ!

ಈ ಸಲದ ಚಳಿಯಲ್ಲಿ ನನ್ನ ಮೈಯನ್ನು ಬಿಸಿಯಾಗಿಟ್ಟದ್ದು ಮಾತ್ರ ಮಫ್ಲರಲ್ಲ, ಸಿಟ್ಟು. ಅದಕ್ಕೆ ಕಾರಣ ಮೊಮ್ಮಗಳು ನಿಧಿಯ ಪ್ರಾಕ್ಟಿಕಲ್ ರೆಕಾರ್ಡು.

ನಿಧಿ ಮೊದಲ ಪಿಯುಸಿಯಲ್ಲಿದ್ದಾಳೆ. ಉಷ್ಣಾಂಶ ಮತ್ತು ಆಹಾರ ಜೀವಿಗಳ ಮೇಲೆ ಬೀರುವ ಪರಿಣಾಮವನ್ನು ಯೀಸ್ಟಿನಲ್ಲಿ ಪರೀಕ್ಷಿಸಿ ಬರೆಯಬೇಕಿತ್ತು. ವಿ.ವಿ. ಪುರಂನ ಅಂಗಡಿಯಿಂದ ಯೀಸ್ಟು ಬಂತು, ಗಾಂಧಿಬಜಾರಿನಿಂದ ಬಲೂನು ಬಂದವು, ಅಡುಗೆಮನೆಯ ಕಟ್ಟೆ ಪ್ರಯೋಗಶಾಲೆಯಾಯಿತು. ಐಸ್ ನೀರಿನಲ್ಲಿಟ್ಟ ಸೀಸೆ ನಿದ್ದೆಹೋಯಿತು, ಕುದಿನೀರಿನದು ಸತ್ತೇಹೋಯಿತು, ಉಗುರುಬೆಚ್ಚಗಿದ್ದದ್ದು ಮಾತ್ರ ತನ್ನ ತಲೆಯ ಮೇಲಿನ ಬಲೂನನ್ನು ಪುಟ್ಟ ಕುಂಬಳಕಾಯಿಯಷ್ಟು ಊದಿತು. ಇಲ್ಲಿಯವರೆಗೆ ಪುಸ್ತಕವೂ ಯೀಸ್ಟೂ ಒಂದೇ ಮಾತು. ಜಗಳ ಹುಟ್ಟಿದ್ದು ಸಕ್ಕರೆಯಲ್ಲಿ. ಒಂದು ಚಮಚ ಹಾಕಿದ ಸೀಸೆಯ ಬಲೂನು ಉಬ್ಬಿತು. ಆದರೆ ಅಷ್ಟೇ ನೀರಿಗೆ ಗುಡ್ಡೆಗುಡ್ಡೆಯಾಗಿ ನಾಲ್ಕು ದೊಡ್ಡ ಚಮಚ ಸುರಿದ ಸೀಸೆಯ ಬಲೂನು ಸೋತ ಪೈಲ್ವಾನನ ಹಾಗೆ ಜೋತುಬಿದ್ದಿತ್ತು. ಹುಡುಗಿ ಮೂರು ಸಲ ಮಾಡಿ ನೋಡಿದಳು, ಮೂರು ಸಲವೂ ಅದೇ. ಕಂಡದ್ದನ್ನು ಕಂಡ ಹಾಗೆ ದುಂಡಗಿನ ಅಕ್ಷರದಲ್ಲಿ ಬರೆದಳು.

ಅತಿಯಾದರೆ ಅಮೃತವೂ ವಿಷ. ಪಾಕ ಗಟ್ಟಿಯಾದರೆ ಅದು ಸೂಕ್ಷ್ಮಜೀವಿಯ ಮೈಯ ನೀರನ್ನೇ ಹೀರಿಬಿಡುತ್ತದೆ. ನಮ್ಮ ಭರಣಿಯ ಮಾವಿನಕಾಯಿ ಗುಳಂಬ ವರ್ಷವಾದರೂ ಕೆಡದಿರುವ ಗುಟ್ಟು ಅದೇ. ವಿ.ವಿ. ಪುರಂನ ತಿಂಡಿಬೀದಿಯಲ್ಲಿ ಅವರೆಕಾಳಿನ ಐದನೆಯ ತಿನಿಸು ಮುಗಿಸಿ ಅಂಗಡಿಯ ಮೆಟ್ಟಿಲಿನ ಮೇಲೆ ಕುಸಿದು ಕುಳಿತು, ಆಟೋ ಹತ್ತಲೂ ಆಗದೆ ನಿಟ್ಟುಸಿರಿಟ್ಟಿದ್ದ ನನಗಂತೂ ಆ ಸೀಸೆಯ ಸಂಕಟ ವೈಯಕ್ತಿಕವಾಗಿಯೇ ಗೊತ್ತು.

ರೆಕಾರ್ಡು ವಾಪಸು ಬಂದಾಗ ಆ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೀಟು ಬಿದ್ದಿತ್ತು. "ಸಕ್ಕರೆ ಹೆಚ್ಚಿದಂತೆ ಬಲೂನು ಹೆಚ್ಚು ಉಬ್ಬಬೇಕು. ಸರಿಪಡಿಸಿ ಬರೆ." ಸೋಮವಾರದೊಳಗೆ ತಿದ್ದದಿದ್ದರೆ ಸಹಿಯಿಲ್ಲ, ಸಹಿಯಿಲ್ಲದಿದ್ದರೆ ಅಂಕವಿಲ್ಲ.

ಉಬ್ಬಬೇಕಂತೆ! ಯೀಸ್ಟಿಗೆ ಯಾರು ನೋಟಿಸು ಕೊಟ್ಟಿದ್ದರು? ನಮ್ಮ ವಿದ್ಯಾಲಯಗಳ ಈ ರೆಕಾರ್ಡೆಂಬ ವ್ರತದ ಮೇಲೆ ನನಗಿರುವ ಆಕ್ರೋಶ ಇಂದು ನಿನ್ನೆಯದಲ್ಲ. ಹಿಂದಿನ ವರ್ಷದವರ ರೆಕಾರ್ಡು ತರುವುದು, ಗ್ರಾಫನ್ನು ಮೊದಲೇ ಎಳೆಯುವುದು, ಆಮೇಲೆ ಅದಕ್ಕೊಪ್ಪುವ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹೊಸೆಯುವುದು, ಕೊನೆಗೆ ಕಂದು ಕಾಗದದ ರಟ್ಟು ಹಾಕಿ ಸಹಿಗೆ ಸಾಲು ನಿಲ್ಲುವುದು! ಥರ್ಮಾಮೀಟರುಗಳು ಒಡೆದಾವೆಂಬ ಭಯಕ್ಕೆ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಸುಖವಾಗಿರುತ್ತವೆ. ಮಾಗಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವ ನಮ್ಮ ಹಳೆಯ ಮನೆಗಳಿಗೂ ತಗಡಿನ ಸೂರಿನ ಪ್ರಯೋಗಶಾಲೆಗೂ ಪುಸ್ತಕದಲ್ಲಿ ಒಂದೇ 'ಕೋಣೆಯ ಉಷ್ಣಾಂಶ'. ಕಣ್ಣಿರುವ ಮಕ್ಕಳನ್ನು ಕುಳ್ಳಿರಿಸಿ ಕಾಣದಿರುವುದನ್ನು ಕಲಿಸುವ ಈ ವಿದ್ಯೆಗೆ ಏನೆನ್ನಬೇಕು?

ಇದನ್ನೆಲ್ಲ ಸಹಿಸಿಕೊಂಡೇನು, ಸಹಿಸಲಾಗದ್ದು ನಿಧಿಯ ಮಾತು. "ತಾತ, ನಾನೇ ಸರಿಯಾಗಿ ನೋಡಿಲ್ಲ ಅನ್ಸತ್ತೆ" ಎಂದಳು. ಮೂರು ಸಲ ನೋಡಿದ ಹುಡುಗಿ! ಅಂಕ ಹೋದರೆ ಹಾಳಾಗಲಿ, ತನ್ನ ಕಣ್ಣಿನ ಮೇಲಿನ ನಂಬಿಕೆ ಹದಿನಾರಕ್ಕೇ ಹೋದರೆ ಅದನ್ನು ಯಾವ ಮರುಪರೀಕ್ಷೆಯಲ್ಲಿ ಗಳಿಸುವುದು?

ಶನಿವಾರ ರೆಕಾರ್ಡನ್ನು ಕಂಕುಳಲ್ಲಿಟ್ಟುಕೊಂಡು ಚಾಮರಾಜಪೇಟೆಯ ಅವಳ ಕಾಲೇಜಿಗೆ ನಡೆದೇ ಹೊರಟೆ. ಮಾಡಬೇಕಾದ ಭಾಷಣವನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹದಗೊಳಿಸಿದೆ. ಹೂವಿನವಳೊಬ್ಬಳು ನನ್ನ ಕೈಬೀಸುವಿಕೆ ನೋಡಿ ದಾರಿ ಬಿಟ್ಟಳು. ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಮೇಜಿನ ಹಿಂದಿನ ಉಪನ್ಯಾಸಕಿ ಧಡಕ್ಕನೆ ಎದ್ದು ನಿಂತರು.

"ಸರ್! ನೀವಾ? ಬನ್ನಿ ಸರ್, ಕೂತ್ಕೊಳ್ಳಿ. ನಾನು ಸವಿತಾ. ಮಲ್ಲೇಶ್ವರದ ಕಾಲೇಜಿನಲ್ಲಿ ನಿಮ್ಮ ಸ್ಟೂಡೆಂಟು."

ಶಿಷ್ಯೆಯೆಂದು ತಿಳಿದ ಮೇಲೆ ನನ್ನ ದನಿ ಇನ್ನೂ ಏರಿತು. ನಾಚಿಕೆಯಾಗಬೇಕು, ಮಗು ಕಂಡದ್ದನ್ನು ಹೊಡೆದುಹಾಕುವುದನ್ನು ಯಾರು ಕಲಿಸಿದರು ಎಂದೆ. ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಬೇಜಾರು ಮಾಡ್ಕೋಬೇಡಿ ಸರ್. ನೀವೇ" ಎಂದರು.

ಕಡಲೆಕಾಳು ಮೊಳೆಯುವ ಪ್ರಯೋಗವಂತೆ. ಒಂದು ತಟ್ಟೆ ಕಿಟಕಿಯ ಬಳಿ, ಇನ್ನೊಂದು ಪ್ರಯೋಗಶಾಲೆಯ ಫ್ರಿಜ್ಜಿನಲ್ಲಿ. ಫ್ರಿಜ್ಜಿನೊಳಗಿನವೂ ಮೊಳೆತಿದ್ದವಂತೆ, ಆಕೆ ಹಾಗೇ ಬರೆದಿದ್ದರಂತೆ. ನಾನು ತಟ್ಟೆಯತ್ತ ತಿರುಗಿಯೂ ನೋಡದೆ ಗೀಟು ಹೊಡೆದು, "ಶೀತದಲ್ಲಿ ಮೊಳೆಯುವುದಿಲ್ಲ" ಎಂದು ಹತ್ತು ಸಲ ಬರೆಸಿದೆನಂತೆ. ನನಗೆ ಒಂದಿಷ್ಟೂ ನೆನಪಿಲ್ಲ. ಆದರೆ ಆ ತುಕ್ಕುಹಿಡಿದ ಫ್ರಿಜ್ಜು ಚೆನ್ನಾಗಿ ನೆನಪಿದೆ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿದ್ದ ಕಾಲದಲ್ಲಿ ಅದು ಹೆಸರಿಗೆ ಮಾತ್ರ ಫ್ರಿಜ್ಜಾಗಿತ್ತು. ಅಷ್ಟು ಸಾಲದ್ದಕ್ಕೆ, ಕಡಲೆ ಸ್ವಲ್ಪ ಚಳಿಯನ್ನು ತಡೆದುಕೊಳ್ಳುವ ಕಾಳು. ತೆರೆದು ನೋಡಿದ್ದರೆ ಮೇಷ್ಟ್ರೂ ಎರಡಕ್ಷರ ಕಲಿಯಬಹುದಿತ್ತು.

"ಎಷ್ಟು ಮೊಳೆತಿತ್ತಮ್ಮ?" ಎಂದು ಕೇಳಿದೆ. ಏಕೆ ಕೇಳಿದೆನೋ ಗೊತ್ತಿಲ್ಲ.

"ಇಪ್ಪತ್ತರಲ್ಲಿ ಒಂಬತ್ತು ಸರ್." ಉತ್ತರ ತಡವಾಗಲಿಲ್ಲ. ಆಕೆಯ ಕಿವಿಯ ಪಕ್ಕದ ಕೂದಲು ನರೆತಿದೆ. ಆ ಒಂಬತ್ತು ಕಾಳು ಮಾತ್ರ ಇನ್ನೂ ಹಸಿಯಾಗಿವೆ.

ದಾರಿಯುದ್ದಕ್ಕೂ ಕಾಯಿಸಿಕೊಂಡು ತಂದ ಸಿಟ್ಟನ್ನು ಈಗ ಎಲ್ಲಿ ಸುರಿಯುವುದೆಂದು ತಿಳಿಯದೆ ನನ್ನ ಮೇಲೇ ಸುರಿದುಕೊಂಡೆ. ಬೇರೆ ಜಾಗವಿರಲಿಲ್ಲ. "ನೀನು ಕಂಡದ್ದೇ ಸರಿಯಮ್ಮ. ನಾನು ನೋಡ್ಲಿಲ್ಲ. ತಪ್ಪು ನನ್ನದು" ಎಂದೆ. ಸವಿತಾ ರೆಕಾರ್ಡು ತೆಗೆದುಕೊಂಡು, ಕೆಂಪು ಗೀಟಿನ ಕೆಳಗೆ, "ಸೋಮವಾರ ತರಗತಿಯಲ್ಲಿ ಎಲ್ಲರೂ ಮಾಡಿ ನೋಡೋಣ. ನಾನೂ" ಎಂದು ಬರೆದು ಸಹಿ ಮಾಡಿದರು. ಮನೆಗೆ ಬಂದು ಪುಟ ತೋರಿಸಿದಾಗ ನಿಧಿ ಆ 'ನಾನೂ' ಎಂಬಲ್ಲಿ ಬೆರಳಿಟ್ಟು ಮತ್ತೊಮ್ಮೆ ಓದಿದಳು. ಕಡಲೆಕಾಳಿನ ಕಥೆಯನ್ನೂ ಬಚ್ಚಿಡದೆ ಅವಳಿಗೆ ಹೇಳಿದೆ.

ಮರುದಿನ ಬೆಳಗ್ಗೆ ಲಲಿತ ಟವೆಲು ಹಿಡಿದು ಹೊರಟವಳು ಎಂದಿನಂತೆ "ಹಿಟ್ಟು ಉಬ್ಬಿದ್ಯಾ ನೋಡ್ರೀ" ಎಂದಳು. ಪತ್ರಿಕೆ ಕೆಳಗಿಟ್ಟೆ. ಮೂರು ಸುತ್ತು ಬಿಚ್ಚಿದೆ, ಮುಚ್ಚಳ ತೆಗೆದೆ. ಹಿಟ್ಟು ಹಿಂದಿನ ಸಂಜೆ ಎಷ್ಟಿತ್ತೋ ಅಷ್ಟೇ ಇತ್ತು.

"ಇಲ್ಲ ಕಣೇ, ಉಬ್ಬಿಲ್ಲ" ಎಂದೆ.

ಲಲಿತ ಬಚ್ಚಲಿನ ಬಾಗಿಲಲ್ಲೇ ನಿಂತಳು. "ಇವತ್ತು ನಿಜವಾಗ್ಲೂ ನೋಡಿದ್ರಾ?" ಎಂದಳು.