ಅತ್ತಿಮರದ ತಗ್ಗು ಕೊಂಬೆ

ಕೊಟ್ಟಿಗೆಹಾರದಲ್ಲಿ ನಮ್ಮ ಹೋಟೆಲಿಗೆ ತಾಗಿಕೊಂಡೇ ಸಫ್ದರ್ ಸಾಹೇಬರ ಜೀಪ್ ಗ್ಯಾರೇಜು. ಅವರ ಮಗಳು ಇರಮ್ ಅಹಮದಾಬಾದಿನಲ್ಲಿ ಓದು ಮುಗಿಸಿ ಊರಿಗೆ ಬಂದದ್ದು ೨೦೦೪ರಲ್ಲಿ. ಅವಳು ಕಲಿತು ಬಂದದ್ದು ಏನೆಂದು ತಿಳಿಯದೆ ಇಡೀ ಜಂಕ್ಷನ್ನೇ ತಲೆ ಕೆರೆದುಕೊಂಡಿತು. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಎಂಬ ಮಾತನ್ನು ನಮ್ಮಲ್ಲಿ ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ.

"ಮನೆ ಕಟ್ಟೋ ಇಂಜಿನಿಯರ್ರಾ ಸಾಹೇಬ್ರೆ?" ಎಂದು ಜೀಪ್ ರಿಪೇರಿಗೆ ತಂದವನೊಬ್ಬ ಕೇಳಿದ.

"ಮನೆ ಅಲ್ಲ. ಮನೆ ಹೊರಗಿನ ಜಾಗ."

"ಹಂಗಾದ್ರೆ ಮಾಲಿ ಅನ್ನಿ. ಅದಕ್ಕೆ ಅಷ್ಟು ದೂರ ಹೋಗಿ ಓದ್ಬೇಕಿತ್ತಾ?"

"ನಿನ್ನ ಜೀಪಲ್ಲಿ ಬ್ರೇಕೇ ಇಲ್ಲ, ಬಾಯಿಗಾದ್ರೂ ಒಂದು ಹಾಕ್ಸು ಮಾರಾಯ," ಎಂದರು ಸಫ್ದರ್ ಸಾಹೇಬರು, ಬಾನೆಟ್ಟಿನೊಳಗಿಂದ ತಲೆ ಎತ್ತದೆ.

ಹಾಗೆ ಬಾಯಿ ಮುಚ್ಚಿಸಿದರೂ ಅವರಿಗೂ ಒಳಗೊಳಗೇ ಅದೇ ಅನುಮಾನ. ಪುಣೆಯ ಒಂದು ಆಫೀಸಿನವರು ಇರಮ್‌ಳನ್ನು ಕೆಲಸಕ್ಕೆ ಕರೆದಿದ್ದರು. ಅವಳಿಗೋ ಈ ಗುಡ್ಡಗಳಲ್ಲೇ ಕೆಲಸ ಮಾಡುವ ಆಸೆ. ಕೊನೆಗೆ ಅಪ್ಪ ಮಗಳು ಒಂದು ಮಾತಿಗೆ ಬಂದಿದ್ದರು: ಮಳೆ ಹಿಡಿಯುವುದರೊಳಗೆ ಇಲ್ಲಿ ನೆಲೆ ನಿಲ್ಲುವಂಥ ಒಂದು ಕೆಲಸ ಕೈಗೆ ಬಂದರೆ ಇರುವುದು, ಇಲ್ಲದಿದ್ದರೆ ಪುಣೆ.

ಒಂದು ಮಧ್ಯಾಹ್ನ ನನ್ನ ಮಗಳು ರಕ್ಷಾಳಿಗೆ ಅನ್ನ ತಿನ್ನಿಸುತ್ತ ನಾನೂ ಕೇಳಿಬಿಟ್ಟೆ. "ಎಂತ ಕೆಲಸ ಮಾರಾಯ್ತಿ ಅದು? ನಂಗೂ ಸರಿ ಗೊತ್ತಾಗಿಲ್ಲ."

ಇರಮ್ ನಕ್ಕಳು. "ಸಣ್ಣವಳಿದ್ದಾಗ ಅಬ್ಬಾನ್ನ ಕೇಳ್ತಿದ್ದೆ, ಘಾಟಿ ರೋಡು ಯಾಕೆ ಹಿಂಗೆ ತಿರುಗ್ತದೆ ಅಂತ. ಗುಡ್ಡ ಎದ್ದು ದಾರಿ ಬಿಡಲ್ವಲ್ಲ, ಅದಕ್ಕೆ ಅಂತಿದ್ರು. ಅಷ್ಟೇ ಅಕ್ಕಾ. ನೀರು ಎಲ್ಲಿಗೆ ಇಳೀತದೆ, ಮನುಷ್ಯ ಎಲ್ಲಿ ನಿಂತ್ರೆ ಎಂತ ಕಾಣ್ತದೆ, ಅದನ್ನ ನೋಡೋದು. ಗಿಡ ನೆಡೋದೆಲ್ಲ ಆಮೇಲೆ."

"ನಿಮ್ಮಂಥೋರು ಬರೋಕೆ ಮುಂಚೆ ಇದನ್ನೆಲ್ಲ ಯಾರು ನೋಡ್ತಿದ್ರು ಹಾಗಾದ್ರೆ?"

"ಅದೇ ನಂಗೂ ತಿಳೀಬೇಕಾಗಿರೋದು," ಎಂದಳು. ಅವಳ ಕಣ್ಣು ಅರಳಿತು.

ಆ ಮಾರ್ಚಿನಲ್ಲಿ ಅವಳಿಗೆ ಒಂದು ಕರೆ ಬಂತು. ಗೋಣಿಬೀಡಿನ ಆಚೆ ಮಲ್ಲಿಕಾರ್ಜುನ ಎಂಬುವರ ಎಸ್ಟೇಟು. ಹಳೆಯ ಬಂಗಲೆಯನ್ನು ಹೋಂಸ್ಟೇ ಮಾಡಿ ದಸರಾಕ್ಕೆ ತೆರೆಯುವ ತಯಾರಿಯಲ್ಲಿದ್ದರು. ಹೊಸ ಜಾಗಕ್ಕೆ ಮಗಳೊಬ್ಬಳನ್ನೇ ಕಳಿಸಲು ಸಾಹೇಬರಿಗೆ ಮನಸ್ಸಿಲ್ಲ. "ನೀವೂ ಹೋಗಿ ಬನ್ನಿ ತಂಗೀ, ಮಗೂಗೂ ತಿರುಗಾಟ ಆಗ್ತದೆ," ಎಂದರು. ಬಾಟಲಿಯಲ್ಲಿ ಕಾಯಿಸಿದ ನೀರು, ಬದಲಿ ಲಂಗ, ಒಂದು ಪೊಟ್ಟಣ ಬಿಸ್ಕತ್ತು ಕಟ್ಟಿಕೊಂಡು ನಾನೂ ಹೊರಟೆ.

ಮಲ್ಲಿಕಾರ್ಜುನ ಗೇಟಿನಲ್ಲೇ ಸಿಕ್ಕಿದರು. "ನಂಗೆ ಹೆಚ್ಚಿಗೆ ಎಂತದ್ದೂ ಬೇಡ ಮೇಡಂ. ಊಟಿ ತರ ಮಾಡ್ಕೊಡಿ."

"ಊಟಿ ನೋಡೋರು ಊಟಿಗೇ ಹೋಗ್ತಾರಲ್ಲ ಸರ್?"

ವರಾಂಡದ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದ ಅವರ ತಾಯಿ ಸಾವಿತ್ರಮ್ಮ ಜೋರಾಗಿ ನಕ್ಕುಬಿಟ್ಟರು. ಇರಮ್ ಸೀದಾ ಅವರ ಕಾಲಬುಡದ ಮೆಟ್ಟಿಲ ಮೇಲೆ ಹೋಗಿ ಕುಳಿತಳು. ಈ ತೋಟ ಮೊದಲು ಹೇಗಿತ್ತು, ಈ ಮೆಟ್ಟಿಲು ಇಷ್ಟು ಕೆಳಗಿನಿಂದ ಯಾಕೆ ಬಂದಿದೆ, ಜೀಪು ಬಾಗಿಲವರೆಗೆ ಯಾಕೆ ಬರುವುದಿಲ್ಲ ಎಂದು ಒಂದೇ ಸಮನೆ ಕೇಳಿದಳು.

"ನಾನೇ ಬಿಡ್ಲಿಲ್ಲ," ಎಂದರು ಸಾವಿತ್ರಮ್ಮ. "ಇವನ ಅಪ್ಪ ಜೀಪು ಬಾಗಿಲಿಗೇ ಬರ್ಲಿ ಅಂದ್ರು. ಆಗ ನನ್ನ ಡೇರೆ ಹೂ ಯಾರು ನೋಡ್ತಾರೆ? ಬಂದೋರು ಕೆಳಗೇ ಇಳೀಬೇಕು, ನನ್ನ ಹೂ ನೋಡ್ಕೊಂಡೇ ಹತ್ತಿ ಬರ್ಬೇಕು ಅಂದೆ. ಆಗ ಕ್ಲಬ್ಬಲ್ಲಿ ಹೂವಿನ ಪಂದ್ಯ ಇಡ್ತಿದ್ರು. ಪಕ್ಕದ ಎಸ್ಟೇಟಿನೋಳು ಬಂದ್ರೆ ಡೇರೆ ಗೆಡ್ಡೆ ಅಕ್ಕಿ ಡಬ್ಬದಲ್ಲಿ ಬಚ್ಚಿಡ್ತಿದ್ದೆ. ಆದ್ರೂ ಹೇಗೋ ಸೆರಗಲ್ಲಿ ಕಟ್ಕೊಂಡು ಹೋದ್ಲು ಅವಳು!"

"ಅಮ್ಮಾ, ಮೆಟ್ಟಿಲಿನ ಈ ವಿಷಯಾನ ಕಾಲೇಜಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಹೇಳ್ಕೊಟ್ರು ನಮ್ಗೆ."

"ಹೌದಾ? ನಂಗೆ ಯಾರೂ ಡಿಗ್ರಿ ಕೊಡ್ಲಿಲ್ಲ ನೋಡು. ಹೊಟ್ಟೆಕಿಚ್ಚಿಗೆ ಮಾಡಿದ್ದು."

ಮಾತಿನ ನಡುವೆ ರಕ್ಷಾ ಕಾಣಲಿಲ್ಲ. ಗಾಬರಿಯಿಂದ ಎದ್ದೆ. ಅಂಗಳದ ಅಂಚಿನಲ್ಲಿ ಒಂಟಿಯಾಗಿ ನಿಂತ ದೊಡ್ಡ ಅತ್ತಿಮರ. ಅದರ ಒಂದು ಕೊಂಬೆಯ ತುದಿ ನೆಲಕ್ಕೆ ತಾಗುವಷ್ಟು ಬಾಗಿತ್ತು. ಅದರ ಎಲೆಗಳ ಮರೆಯಲ್ಲಿ ಅವಳ ಕೆಂಪು ಲಂಗ ಕಂಡಿತು. ಇರಮ್ ಕೈ ಮಂಡಿ ಊರಿ ಅಂಬೆಗಾಲಲ್ಲಿ ಒಳಗೆ ನುಗ್ಗಿದಳು.

"ಅಕ್ಕಾ, ಬಗ್ಗಿ ಬನ್ನಿ, ಬೇಗ ಬನ್ನಿ!"

ಬಗ್ಗಿಕೊಂಡು ಹೋಗಿ ಆಚೆ ತಲೆ ಎತ್ತಿದರೆ ಇಡೀ ಕಣಿವೆ ಒಮ್ಮೆಗೇ ಎದುರಿಗೆ ಬಂತು, ಕಾಫಿ ಹೂ ಬಿಟ್ಟು ಬೆಳ್ಳಗಿದ್ದ ಇಳಿಜಾರು ಸಮೇತ. ಎಡಗಡೆಯ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ, ತುಕ್ಕು ಹಿಡಿದ ತಗಡಿನ ಶೆಡ್ಡು ಎಲ್ಲವನ್ನೂ ಆ ಕೊಂಬೆ ಮುಚ್ಚಿಟ್ಟಿತ್ತು. ಇರಮ್ ಅಲ್ಲೇ ನಿರ್ಧರಿಸಿದಳು: ಸಾವಿತ್ರಮ್ಮನ ಮೆಟ್ಟಿಲಿನಿಂದ ಕಾಲುದಾರಿ, ಕೊಂಬೆಯ ಕೆಳಗೆ ಎಲ್ಲರೂ ತಲೆ ಬಗ್ಗಿಸಬೇಕು, ಆಮೇಲೆ ಕಣಿವೆ. ಮಲ್ಲಿಕಾರ್ಜುನರಿಗೂ ಹಿಡಿಸಿತು. ಎಸ್ಟೇಟಿನ ಮೇಸ್ತ್ರಿ ಗಿಡ್ಡಪ್ಪನಿಗೆ ದಾರಿ ಎಲ್ಲಿ ಬರಬೇಕೆಂದು ನಡೆದು ತೋರಿಸಿ ಬಂದಳು.

ಮತ್ತೆ ಹೋದದ್ದು ಮೇ ಕೊನೆಗೆ. ದಾರಿಯ ಅಗೆತ ಮುಗಿದಿತ್ತು. ಅತ್ತಿಮರದ ಕೆಳಗೆ ಗಿಡ್ಡಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಮುಖದ ತುಂಬ ನಗು.

"ನೋಡಿ ಅಮ್ಮಾ, ನಿಮ್ಮ ಮರಕ್ಕೆ ಕ್ಷೌರ ಮಾಡ್ಸಿದೀನಿ! ಯಾರೂ ಹೇಳಿದ್ದಲ್ಲ, ನಾನೇ ಮಾಡ್ಸಿದ್ದು. ಬರೋರ ತಲೆಗೆ ತಾಗ್ಬಾರ್ದು ಅಂತ."

ಕಾಫಿಗೆ ಬೆಳಕು ಬೀಳಲೆಂದು ಮಳೆಗೆ ಮುಂಚೆ ನೆರಳಿನ ಮರಗಳ ಕೊಂಬೆ ಕಡಿಯುವುದು ನಮ್ಮ ಕಡೆ ಎಲ್ಲ ತೋಟಗಳಲ್ಲೂ ಇದ್ದದ್ದೇ, ಮರಗಸಿ ಎನ್ನುತ್ತೇವೆ. ತಗ್ಗು ಕೊಂಬೆ ಉಳಿಸಿದರೆ ಮೇಸ್ತ್ರಿಯ ಮರ್ಯಾದೆ ಹೋಗುತ್ತದೆ. ಇರಮ್ ಗಿಡ್ಡಪ್ಪನಿಗೆ ದಾರಿಯನ್ನು ತೋರಿಸಿದ್ದಳೇ ಹೊರತು ಕೊಂಬೆ ಬೇಕೆಂದು ಹೇಳಿರಲಿಲ್ಲ. ಯಾರಾದರೂ ಅದನ್ನು ಕಡಿದಾರು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಈಗ ಮೆಟ್ಟಿಲಿಂದಲೇ ಪಲ್ಪರ್ ಮನೆ, ಶೆಡ್ಡು ಎಲ್ಲ ಎದುರಿಗೇ ಕಾಣುತ್ತಿದ್ದವು. ಕಣಿವೆಯೂ ಕಾಣುತ್ತಿತ್ತು, ದೂರದಿಂದಲೇ, ಕ್ಯಾಲೆಂಡರಿನ ಚಿತ್ರದ ಹಾಗೆ.

"ಕೊಂಬೆ ಎಲ್ಲಿ?" ಎಂದು ರಕ್ಷಾ ಅಳಲು ಶುರುಮಾಡಿದಳು. ಎತ್ತಿಕೊಂಡು ಬಿಸ್ಕತ್ತು ಕೈಗಿಟ್ಟೆ. ಇರಮ್‌ಳಿಗೆ ಕೊಡಲು ನನ್ನ ಚೀಲದಲ್ಲಿ ಏನೂ ಇರಲಿಲ್ಲ.

ಮಲ್ಲಿಕಾರ್ಜುನ ಬಂದು ನೋಡಿದರು. "ಹೋದದ್ದು ಹೋಯ್ತು ಬಿಡಿ. ಒಬ್ಬ ಕಂಟ್ರಾಕ್ಟರು ಇದಾನೆ, ಲಾನ್ ಹಾಸಿ ಸಿಮೆಂಟಿನ ಜಿಂಕೆ ನಿಲ್ಸಿ ಕೊಡ್ತಾನಂತೆ. ದಸರಾಕ್ಕೆ ರೆಡಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅವಸರವಿತ್ತು. ಹೇಳಿ ಒಳಗೆ ಹೋದರು.

ಇರಮ್ ಕಡಿದ ಕೊಂಬೆಯ ಮೇಲೆ ಕುಳಿತಳು. "ಪುಣೆಗೆ ಹೂಂ ಅಂದ್ಬಿಡ್ತೀನಿ ಅಕ್ಕಾ," ಎಂದಳು, ಸಣ್ಣ ದನಿಯಲ್ಲಿ.

ನಾನು ವಿಷಯ ಬಿಡಿಸಿ ಹೇಳಿದಾಗ ಗಿಡ್ಡಪ್ಪನ ಮುಖ ಸಣ್ಣದಾಯಿತು. "ತಗ್ಗು ಕೊಂಬೆ ಕಂಡ್ರೆ ಕೈ ಸುಮ್ನಿರಲ್ಲಮ್ಮ. ಬಗ್ಗಿ ಹೋಗೋದೇ ಚಂದ ಅಂತ ನಂಗೆಂತ ಗೊತ್ತು? ಅತ್ತಿ ಅಲ್ವಾ, ಚಿಗುರ್ತದೆ. ಚಿಗುರಿದ್ರೆ ಮುಂದಿನ ವರ್ಷ ಮತ್ತೆ ಕಡೀಲೇಬೇಕು ನಾವು. ಮರಗಸಿ ಅಂದ್ರೆ ಒಂದ್ಸಲಕ್ಕೆ ಮುಗಿಯೋದಾ?"

ಇರಮ್ ತಲೆ ಎತ್ತಿದಳು. "ಪ್ರತಿ ವರ್ಷ ನೋಡ್ತೀರಾ? ಒಂದೊಂದೇ ಮರಾನೂ?"

"ನೋಡ್ದೆ? ಹೋದ ವರ್ಷ ಬಿಟ್ಟ ಕೊಂಬೆ ಈ ವರ್ಷ ಎಲ್ಲಿಗೆ ಹೋಗಿದೆ ಅಂತ ನೋಡ್ದೆ ಕತ್ತಿ ಎತ್ತೋದು ಹೇಗಮ್ಮ?"

"ನಾವು ಪ್ಲಾನ್ ಬರೆದು ಕೊಟ್ಟು ಹೋಗಿಬಿಡ್ತೀವಿ ಗಿಡ್ಡಪ್ಪಣ್ಣ. ಆಮೇಲೆ ಫೋಟೋ ತೆಗೆಯೋಕೆ ಒಂದ್ಸಲ ಬರ್ತೀವಿ," ಎಂದಳು. ಹೇಳುತ್ತಲೇ ಎದ್ದು ನಿಂತಿದ್ದಳು. ಕಡಿದ ಗಾಯವನ್ನು ಬೆರಳಲ್ಲಿ ಮುಟ್ಟಿ ನೋಡಿ, ಸೀದಾ ವರಾಂಡ ಹತ್ತಿ ಮಲ್ಲಿಕಾರ್ಜುನರನ್ನು ಕರೆದಳು.

"ಸರ್, ಮುಂದಿನ ಅಂಗಳಕ್ಕೆ ಲಾನ್ ಹಾಕ್ಸಿ, ಜಿಂಕೆನೂ ನಿಲ್ಸಿ. ಅತ್ತಿಮರ, ಅದರ ದಾರಿ, ಆ ಇಳಿಜಾರು ನಂಗೆ ಬಿಡಿ. ವರ್ಷಾವರ್ಷ ಮರಗಸಿ ಟೈಮಿಗೆ ನಾನು ಬರ್ತೀನಿ, ಗಿಡ್ಡಪ್ಪಣ್ಣನ ಗ್ಯಾಂಗಿನ ಜೊತೆಗೇ. ಯಾವ ಕೊಂಬೆ ಇರ್ಬೇಕು, ಯಾವ್ದು ಹೋಗ್ಬೇಕು ಒಟ್ಟಿಗೆ ನೋಡ್ತೀವಿ."

"ಎಷ್ಟು ವರ್ಷಕ್ಕೆ ಮುಗೀತದೆ?"

"ಗೊತ್ತಿಲ್ಲ ಸರ್."

"ಗೊತ್ತಿಲ್ಲ ಅನ್ನೋ ಇಂಜಿನಿಯರ್ನ ಇವತ್ತೇ ನೋಡಿದ್ದು ನಾನು," ಎಂದು ಮಲ್ಲಿಕಾರ್ಜುನ ತಾಯಿಯ ಕಡೆ ನೋಡಿದರು.

"ಡೇರೆಗೂ ನಾನು ಪ್ರತಿ ವರ್ಷ ಗೆಡ್ಡೆ ಕಿತ್ತು ಮತ್ತೆ ಹೂಳ್ತಿದ್ದೆ," ಎಂದರು ಸಾವಿತ್ರಮ್ಮ. "ಅವಳಿಗೆ ಮರ ಬಿಡು. ಎರಡು ಜಿಂಕೆ ತಂದ್ಯೋ, ನಾನು ಮೂಡಿಗೆರೆಗೆ ತಂಗಿ ಮನೆಗೆ ಹೋಗ್ತೀನಿ. ಒಂದೇ ಸಾಕು."

ಮಲ್ಲಿಕಾರ್ಜುನ ಒಪ್ಪಿದರು. ಸಂಜೆ ಗ್ಯಾರೇಜಿನಲ್ಲಿ ಇರಮ್ ನಡೆದದ್ದೆಲ್ಲ ಹೇಳುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಇದನ್ನು ನೆಲೆ ನಿಂತ ಕೆಲಸ ಎಂದು ಅಪ್ಪ ಒಪ್ಪುತ್ತಾರೋ ಇಲ್ಲವೋ ಎಂದು ನನಗೇ ಚಿಂತೆಯಾಗಿತ್ತು. ಸಫ್ದರ್ ಸಾಹೇಬರು ಬಟ್ಟೆಯಲ್ಲಿ ಗ್ರೀಸು ಒರೆಸಿಕೊಳ್ಳುತ್ತ ಕೇಳಿದರು. ಆಮೇಲೂ ಬಹಳ ಹೊತ್ತು ಒರೆಸುತ್ತಲೇ ಇದ್ದರು.

"ಅಂದ್ರೆ ಸರ್ವಿಸ್ಸು," ಎಂದರು.

"ಎಂತ ಅಬ್ಬಾ?"

"ಜೀಪು ಮಾರ್ದೋನು ಹೋಗ್ತಾನೆ. ವರ್ಷ ವರ್ಷ ಸರ್ವಿಸ್ ಮಾಡೋನು ಇದ್ದಲ್ಲೇ ಇರ್ತಾನೆ. ಇದನ್ನೇ ಮೊದ್ಲು ಹೇಳಿದ್ರೆ ನಂಗೂ ಅರ್ಥ ಆಗ್ತಿತ್ತಲ್ಲ!" ಎಂದು, ಚಹಾಕ್ಕೆ ನಮ್ಮ ಹೋಟೆಲಿನ ಕಡೆ ಕೂಗಿದರು. ಪುಣೆಯ ಮಾತು ಮತ್ತೆ ಬರಲಿಲ್ಲ.

ಮೊನ್ನೆ, ೨೦೦೯ರ ಬೇಸಿಗೆ ರಜೆಯಲ್ಲಿ, ರಕ್ಷಾಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಇರಮ್‌ಳಿಗೆ ಈಗ ಕಳಸದ ತನಕ ಹೀಗೆ ಬೇಸಿಗೆಗೆ ಹೋಗಿ ನೋಡಿ ಬರುವ ಜಾಗಗಳಿವೆ. ಮಾಲಿ ಎನ್ನುವವರು ಈಗಲೂ ಎನ್ನುತ್ತಾರೆ. ಕಡಿದ ಗಾಯದ ಪಕ್ಕದಿಂದ ಬಂದ ಒಂದು ಚಿಗುರು ಈಗ ನನ್ನ ತೋಳಿನಷ್ಟು ದಪ್ಪ. ಅದಕ್ಕೆ ತೆಂಗಿನ ಹಗ್ಗದಲ್ಲಿ ಕಲ್ಲು ಕಟ್ಟಿ ಕೆಳಕ್ಕೆ ಬಗ್ಗಿಸಿದ್ದರು. ಕಲ್ಲು ಕಟ್ಟುವ ಉಪಾಯ ಯಾರದ್ದು ಎಂದು ಕೇಳಿದರೆ ಇರಮ್ ಗಿಡ್ಡಪ್ಪನ ಕಡೆ, ಗಿಡ್ಡಪ್ಪ ಇರಮ್ ಕಡೆ ತೋರಿಸಿದರು. ಮರ ಹತ್ತಿದ್ದ ಹೊಸ ಆಳೊಬ್ಬ ಆ ಕೊಂಬೆಯ ಕಡೆ ಕತ್ತಿ ಚಾಚಿದ್ದೇ ತಡ, ಗಿಡ್ಡಪ್ಪ ಕೆಳಗಿನಿಂದ ಕಿರುಚಿದ:

"ಏ, ಅದ್ರ ಸುದ್ದಿಗೆ ಹೋಗ್ಬೇಡ್ವೋ! ಅದು ತಲೆಗೆ ತಾಗ್ಬೇಕು!"

ಇರಮ್ ರಕ್ಷಾಳನ್ನು ಕೊಂಬೆಯ ಕೆಳಗೆ ನಿಲ್ಲಿಸಿ, ಸ್ವಲ್ಪ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿದಳು. ಬಗ್ಗುವ ಅಗತ್ಯ ಇನ್ನೂ ಇರಲಿಲ್ಲ. ರಕ್ಷಾ ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಒಂದು ಎಲೆ ಬೆರಳಿಗೆ ತಾಗಿತು.