ಹಿಂದಿನ ತೂತಿನ ಬೋಲ್ಟು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಆ ಸೀಳಿನಲ್ಲಿ ಗ್ರೀಸು ಕೂತು ಕರ್ರಗಾಗಿ, ಸಾಬೂನಿಗೂ ಹೋಗದೆ ಸೀಮೆಎಣ್ಣೆಗೂ ಹೋಗದೆ ಉಳಿದುಬಿಟ್ಟಿತ್ತು. ನಮ್ಮ ಗುಡ್ಡದ ಸೈಕಲ್ಲುಗಳಲ್ಲಿ ಕುಲುಕು ತಡೆಯುವ, ಗಾಳಿ ತುಂಬಿದ ಹಿಂದಿನ ಶಾಕ್ ಮೇಲೆ ಒಂದು ರಬ್ಬರ್ ಉಂಗುರ ಇರುತ್ತದೆ. ಅದನ್ನು ಆ ಉಗುರಿನಿಂದಲೇ ಮೆಲ್ಲಗೆ ಸರಿಸಿ, "ಹತ್ತು, ಕುಂದ್ರು, ಅಲ್ಲಾಡಬ್ಯಾಡ," ಎನ್ನುತ್ತಿದ್ದರು. ನಾವು ಉಸಿರು ಹಿಡಿದು ಕೂತು ಇಳಿದ ಮೇಲೆ ಉಂಗುರ ಎಲ್ಲಿಗೆ ಸರಿದಿದೆ ಎಂದು ನೋಡಿ, ಶಾಕಿನ ಗಾಳಿ ಹೆಚ್ಚಿಸಬೇಕೋ ಇಳಿಸಬೇಕೋ ಹೇಳುವರು. ಆ ಉಗುರು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಸರ್ ಎಂದೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ. ಶಿಗ್ಗಾಂವಿಯ ಹೊರಗೆ ಅವರದೊಂದು ತಗಡಿನ ಶೆಡ್ಡು. ಸುತ್ತಲಿನ ಊರುಗಳಿಂದ ನಾವೊಂದಿಷ್ಟು ಜನ ಅಲ್ಲಿಗೆ ಸೈಕಲ್ ರೇಸು ಕಲಿಯಲು ಬರುತ್ತಿದ್ದೆವು. ನಾನು ದುಂಡಸಿಯಿಂದ, ಮೊದಲ ಬಸ್ಸಿಗೆ. ಧಾರವಾಡದ ಯಾರೋ ಓಡಿಸಿ ಬಿಟ್ಟಿದ್ದ, ಹಿಂದೆಯೂ ಮುಂದೆಯೂ ಶಾಕ್ ಇರುವ ಸೈಕಲ್ಲನ್ನು ಮಾತಾಡಿ ನನಗೆ ಕೊಡಿಸಿದವರೂ ಅವರೇ. ಇದನ್ನು ಮುಚ್ಚಿಟ್ಟರೆ ನನ್ನ ಸಿಟ್ಟಿಗೆ ಬೆಲೆ ಇರುವುದಿಲ್ಲ.

ಸರ್ ಸೇಡಿನ ಮನುಷ್ಯ. ಸವಣೂರಿನಲ್ಲಿ ಯಾರೋ ಒಬ್ಬ ಚಹಾದವನು ಎಂದೋ ಒಮ್ಮೆ ಇವರಿಗಿಂತ ಹಿಂದೆ ಬಂದವರಿಗೆ ಮೊದಲು ಚಹಾ ಕೊಟ್ಟನಂತೆ. ಅಂದಿನಿಂದ ಆ ಊರಿನಲ್ಲಿ ನೀರು ಕೂಡ ಮುಟ್ಟುತ್ತಿರಲಿಲ್ಲ. ಹರೆಯದಲ್ಲಿ ಹಿರೇಕೆರೂರಿನ ಒಂದು ರೇಸಿನಲ್ಲಿ ತಾವು ಗೆದ್ದರೂ ಅಲ್ಲಿಯವನನ್ನೇ ಗೆಲ್ಲಿಸಿದರು ಎಂಬುದು ಇನ್ನೊಂದು ಹಗೆ. ಆ ಕಡೆ ಎಲ್ಲಿಗೆ ಹೋಗಬೇಕಾದರೂ ಹಿರೇಕೆರೂರು ತಪ್ಪಿಸಿ, ಹೊಲದ ದಾರಿ ಹಿಡಿಸಿ ನಮ್ಮನ್ನೆಲ್ಲ ಸುತ್ತಾಡಿಸುತ್ತಿದ್ದರು. ಯಾಕೆಂದು ಕೇಳಿದರೆ, "ಆ ಊರಿನ ಧೂಳು ನನ್ನ ಟೈರಿಗೆ ಹತ್ತೂದು ಬ್ಯಾಡ," ಎನ್ನುವರು. ನಾವು ನಗುತ್ತಿದ್ದೆವು, ಅದು ನಮ್ಮ ಮೇಲೆ ತಿರುಗುವತನಕ.

ನನ್ನ ಸೈಕಲ್ಲಿನಲ್ಲಿ ಹಿಂದಿನ ಶಾಕನ್ನು ಕೆಳಗೆ ಹಿಡಿದಿಡುವುದು ಒಂದು ಬೋಲ್ಟು. ಅದನ್ನು ಹಾಕಲು ಚೌಕಟ್ಟಿನಲ್ಲಿ ಎರಡು ತೂತು. ಮುಂದಿನ ತೂತಿಗೆ ಹಾಕಿದರೆ ಹಿಂದಿನ ಗಾಲಿಯ ಮೇಲೆಕೆಳಗಿನ ಆಟ ಕಡಿಮೆ, ಏರು ಹತ್ತಲು ಒಳ್ಳೆಯದು. ಹಿಂದಿನ ತೂತಿಗೆ ಹಾಕಿದರೆ ಆಟ ಹೆಚ್ಚು, ಕಲ್ಲಿನ ಇಳಿಜಾರಿಗೆ ಮೆತ್ತಗೆ. ಆದರೆ ಆಗ ಗಾಳಿಯನ್ನೂ ಹೆಚ್ಚಿಸಬೇಕು. ಇಲ್ಲದಿದ್ದರೆ ಸೈಕಲ್ಲು ಕುಸಿದು ಪೆಡಲ್ಲು ಕಲ್ಲಿಗೆ ಬಡಿಯುತ್ತದೆ. ಆ ವರ್ಷ ಜಿಲ್ಲೆಯ ತಂಡಕ್ಕೆ ಹುಡುಗಿಯರಲ್ಲಿ ಒಬ್ಬಳನ್ನೇ ಆರಿಸುವವರಿದ್ದರು. ರೇಸು ಹಾನಗಲ್ಲಿನ ಕಡೆಯ ಗುಡ್ಡದಲ್ಲಿ, ಬಹುಪಾಲು ಏರು. "ಈ ಸಲ ಆಗ್ಲಿಲ್ಲಂದ್ರ ಸೈಕಲ್ ಬಿಟ್ಟು ಹೊಲಕ್ಕ ಬಾ," ಎಂದು ಅಪ್ಪ ಖಡಾಖಂಡಿತ ಹೇಳಿದ್ದ.

ಅದಕ್ಕೂ ಮೊದಲು ನಾನೊಂದು ಮಾತಾಡಿದ್ದೆ. ಶಾಕ್ ಗಾಳಿ ಸೋರುತ್ತಿತ್ತೆಂದು ಹುಬ್ಬಳ್ಳಿಯಲ್ಲಿ ರಿಪೇರಿ ಮಾಡಿಸಿ ತಂದಿದ್ದೆ. ಶೆಡ್ಡಿನಲ್ಲಿ ಎಲ್ಲರೆದುರಿಗೆ, "ಸರ್, ಹುಬ್ಬಳ್ಳಿಯವರ ಸೆಟ್ಟಿಂಗ್ ನಿಮ್ಮದಕ್ಕಿಂತ ಚೊಲೋ ಐತ್ರಿ," ಎಂದುಬಿಟ್ಟೆ.

"ಹೌದನು? ಆತು ಬಿಡು," ಎಂದು ಸರ್ ನಕ್ಕರು.

ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ನಮ್ಮ ಸೈಕಲ್ಲುಗಳೆಲ್ಲ ಶೆಡ್ಡಿನಲ್ಲಿ ಸಾಲಾಗಿ ನಿಂತವು. ಪಾನಾ, ಅಲನ್ ಕೀ, ಪಂಪು ಎಲ್ಲ ಹಲಗೆಯ ಮೇಲೆ ಚೆಂಡುಹೂವಿನ ನಡುವೆ ಕೂತವು. ಪೂಜೆಗಿಟ್ಟ ಸಾಮಾನನ್ನು ಮರುದಿನ ಬನ್ನಿ ಹಂಚುವತನಕ ಯಾರೂ ಮುಟ್ಟಕೂಡದು ಎಂಬುದು ಸರ್ ಅವರದೇ ಕಟ್ಟಪ್ಪಣೆ. ನಾನು ನನ್ನ ಸೈಕಲ್ಲಿಗೆ ಮೂರು ಬೆರಳಿನಿಂದ ವಿಭೂತಿ ಎಳೆದೆ. ಶಾಕಿನ ಬೋಲ್ಟಿನ ಮೇಲೆಯೂ ಎಳೆದು, ಅದು ಮುಚ್ಚುವಂತೆ ಚೆಂಡುಹೂವಿನ ಹಾರ ಸುತ್ತಿದೆ. ಶೆಡ್ಡಿನ ಬೀಗದ ಕೈ ಅವರೊಬ್ಬರ ಹತ್ತಿರವೇ ಇರುತ್ತಿತ್ತು.

ಮರುದಿನ ಸಂಜೆ ಬನ್ನಿ ಕೊಟ್ಟರು. ಬನ್ನಿ ಕೊಟ್ಟು ತೆಗೆದುಕೊಂಡರೆ ಹಳೆಯದೆಲ್ಲ ಮರೆತಂತೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. "ಬಂಗಾರದಂಗ ಇರೂಣು, ತಂಗಿ," ಎಂದು ನನ್ನ ಅಂಗೈಯಲ್ಲಿ ಎಲೆ ಇಟ್ಟರು. ನಾನು ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಅದರ ಮರುದಿನವೇ ರೇಸು. ಬೆಳಗ್ಗೆ ಸೈಕಲ್ಲನ್ನು ಟೆಂಪೋಗೆ ಏರಿಸುವಾಗ, "ಹಾರ ಈಗ ತೆಗಿಬ್ಯಾಡ, ಗೆರಿ ಹತ್ರ ಹೋದಮ್ಯಾಲ ತೆಗಿ. ದೇವರ ಹಾರ ಐತಿ," ಎಂದರು. ರೇಸು ಶುರುವಾಗುವ ಗೆರೆಯ ಮೇಲೆ ನಿಂತು ಹಾರ ತೆಗೆದೆ. ನಾನು ಎಳೆದ ವಿಭೂತಿ ಮುಂದಿನ ತೂತಿನ ಎರಡೂ ಬದಿಗೆ ಹಾಗೇ ಇತ್ತು, ನಡುವೆ ತೂತು ಖಾಲಿ. ಬೋಲ್ಟು ಹಿಂದಿನ ತೂತಿನಲ್ಲಿ ಕೂತಿತ್ತು. ಅದರ ತಲೆಯ ಮೇಲೆ ನಾನು ಎಳೆದ ವಿಭೂತಿಯ ಅಡ್ಡ ಗೆರೆ ಉದ್ದಕ್ಕೆ ತಿರುಗಿತ್ತು. ತಲೆಯೆತ್ತಿ ನೋಡಿದೆ. ಸರ್ ದೂರದಲ್ಲಿ ನಿಂತು ಮೋಡ ನೋಡುತ್ತಿದ್ದರು. ಅಷ್ಟರಲ್ಲಿ ರೇಸಿನವರ ಸೀಟಿ ಕೇಳಿತು.

ಏರಿನಲ್ಲಿ ಪೆಡಲ್ಲು ಕಲ್ಲಿಗೆ ಬಡಿದು ಬಿದ್ದೆ. ಎದ್ದೆ, ಮತ್ತೆ ಬಿದ್ದೆ. ಆ ಜಾಗ ಒಬ್ಬ ಹಿರೇಕೆರೂರಿನ ಹುಡುಗಿಗೆ ಹೋಯಿತು. ಹೌದು, ಹಿರೇಕೆರೂರು! ಹೆಸರು ಕೂಗಿದಾಗ ಸರ್ ಮುಖ ಹರಳೆಣ್ಣೆ ಕುಡಿದಂತಾಗಿತ್ತು. ನನ್ನ ಮೇಲೆ ಸೇಡು ತೀರಿಸುವ ಭರದಲ್ಲಿ ಹಳೆಯ ಹಗೆಯನ್ನೇ ಮರೆತಿದ್ದರು. ಮೊಣಕಾಲಿನಿಂದ ರಕ್ತ ಸುರಿಯುತ್ತಿದ್ದರೂ ಅವರ ಆ ಮುಖ ನೋಡಿ ನನಗೆ ಹೊಟ್ಟೆ ತಂಪಾಯಿತು.

ಅವ್ವನಿಗೆ ಎಲ್ಲ ಹೇಳಿದೆ. "ಇಂಥಾ ಮನಷ್ಯಾನ ಹತ್ರ ಮತ್ತ ಹೋಗ್ತಿ ಏನ?" ಎಂದಳು.

"ಹೋಗ್ತೇನಿ. ಅವರಿಗೆ ಬರೂದೆಲ್ಲ ಕಸಗೊಂಡು ಬರ್ತೇನಿ," ಎಂದೆ. ಅವ್ವ ಅಪ್ಪನ ಕೈಕಾಲು ಹಿಡಿದು ಇನ್ನೊಂದು ವರ್ಷ ಕೊಡಿಸಿದಳು.

ಆ ವರ್ಷ ನಾನು ಅವರನ್ನು ಹಿಂಡಿದೆ. ಯಾವ ನೆಲಕ್ಕೆ ಯಾವ ತೂತು, ಬೋಲ್ಟು ಸರಿಸಿದಾಗ ಗಾಳಿ ಎಷ್ಟು ಹೆಚ್ಚಿಸಬೇಕು, ಉಂಗುರ ನೋಡುವಾಗ ನೀರಿನ ಬಾಟಲಿ ಹೊತ್ತೇ ಯಾಕೆ ಕೂರಬೇಕು, ಎಲ್ಲವನ್ನೂ ಕೇಳಿ ಕೇಳಿ ಕಲಿತೆ. ಅವರೂ ಏನನ್ನೂ ಮುಚ್ಚಿಡಲಿಲ್ಲ. ಪಶ್ಚಾತ್ತಾಪವೋ ಏನೋ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಅನಿಸಿದರೂ ನಾನು ಕರಗಲಿಲ್ಲ.

ಮತ್ತೆ ವಿಜಯದಶಮಿ ಬಂತು. ಸರ್ ಬನ್ನಿ ಹಿಡಿದು ನನ್ನ ಮುಂದೆ ನಿಂತರು. ನಾನು ಕೈ ಹಿಂದೆ ಕಟ್ಟಿಕೊಂಡೆ. "ಮೊದಲ ಒಳಗ ಹೋಗಿ ನನ್ನ ಬೋಲ್ಟ್ ಯಾವ ತೂತಿನ್ಯಾಗ ಐತಿ ನೋಡಿ ಬರ್ರಿ ಸರ್."

ಎಲ್ಲರೂ ನೋಡುತ್ತಿದ್ದಂತೆ ಸರ್ ಒಳಗೆ ಹೋದರು, ಬಗ್ಗಿ ನೋಡಿದರು, ಹೊರಗೆ ಬಂದರು. "ಮುಂದಿನದರಾಗ ಐತಿ," ಎಂದು ಮತ್ತೆ ಬನ್ನಿ ಚಾಚಿದರು. ನಾನು ಮುಟ್ಟಲಿಲ್ಲ. ನಮ್ಮ ಕಡೆ ಬನ್ನಿ ಬೇಡ ಎನ್ನುವುದೆಂದರೆ ಮುಖದ ಮೇಲೆ ಹೊಡೆದ ಹಾಗೆ. ಆ ಸಲ ರೇಸು ಗೆದ್ದೆ, ಆ ಜಾಗ ಪಡೆದೆ. ಆಮೇಲೆಯೂ ಪ್ರತಿ ವಿಜಯದಶಮಿಗೆ ತಪ್ಪದೆ ಶೆಡ್ಡಿಗೆ ಹೋದೆ. ಅವರು ಚಾಚುವರು, ನಾನು ಕೈ ಕಟ್ಟಿಕೊಳ್ಳುವೆನು.

ಹೋದ ವರ್ಷ ವಿಜಯದಶಮಿಯ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ನಾನೀಗ ಬಂಕಾಪುರದಲ್ಲಿ ಹುಡುಗಿಯರಿಗೆ ಸೈಕಲ್ ಕಲಿಸುತ್ತೇನೆ, ಅಲ್ಲಿಂದ ಹೋದೆ. ಕಾಣಲು ಹೋದೆ ಎಂದರೆ ಸುಳ್ಳಾಗುತ್ತದೆ; ಬೇಡ ಎನ್ನಲೆಂದೇ ಹೋದೆ. ಅವರ ಹೆಂಡತಿ ಬಾಗಿಲಲ್ಲೇ ಕೈ ಹಿಡಿದು, "ಇದೊಂದು ಸಲ ತಗೊಳವಾ, ನಿನ್ನ ಕಾಲಿಗೆ ಬೀಳ್ತೇನಿ," ಎಂದರು.

ಸರ್ ದಿಂಬಿನ ಪಕ್ಕದಿಂದ ಎಲೆ ತೆಗೆದು ಚಾಚಿದರು. ನಾನು ಕೈ ಹಿಂದೆ ಕಟ್ಟಿದೆ.

"ಆ ಬೋಲ್ಟ್ ನಾನ ಸರಿಸಿದ್ದು," ಎಂದರು. ಅಷ್ಟು ವರ್ಷದಲ್ಲಿ ಅದೇ ಮೊದಲ ಸಲ.

"ಗೊತ್ತೈತ್ರಿ."

"ನೀನೂ ಹುಬ್ಬಳ್ಳಿ ಅಂದಿದ್ದಿ."

"ಹೂಂ ರಿ, ಅಂದಿದ್ದೆ."

"ತಗೊಳಂಗಿಲ್ಲ?"

"ಇಲ್ರಿ."

ಸರ್ ಕೈ ಇಳಿಸಿದರು. ಹೆಂಡತಿಯ ಕಡೆ ಹೊರಳಿದಾಗ ಅವರ ಮುಖ ಅರಳಿತ್ತು. ನಾನು ರೇಸು ಗೆದ್ದ ದಿನವೂ ಅವರು ಅಷ್ಟು ಹೆಮ್ಮೆಪಟ್ಟಿರಲಿಲ್ಲ. "ನೋಡಿದಿ? ಎಷ್ಟ ಮಂದಿ ಬಂದ್ರು, ಎಷ್ಟ ಮಂದಿ ಹೋದ್ರು. ನನ್ನ ಹಂಗ ಪೂರಾ ಕಲ್ತಾಕಿ ಈಕಿ ಒಬ್ಬಾಕಿನ."

ಅದೇ ವಾರ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಎಲ್ಲರೂ ಅತ್ತರು, ನಾನೂ ಅತ್ತೆ, ಸಿಟ್ಟಿನಿಂದ. ಅವರಿಗೆ ತಿರುಗಿಸಿ ಕೊಡಲು ನನ್ನ ಹತ್ತಿರ ಇದ್ದದ್ದು ಆ ಸೇಡೊಂದೇ. ಅದನ್ನೂ ತಾವೇ ಕಲಿಸಿದ್ದು ಎಂದುಕೊಂಡು, ಖುಷಿಯಿಂದ ಹೋಗಿಬಿಟ್ಟರು.